ನ್ಯೂಜೆರ್ಸಿ: ಶಾಲೆಗೆ ಅನುದಾನ ಹೆಚ್ಚಾಗಿದೆಯಂತೆ, ನನ್ನ ಶಾಲಾ ತೆರಿಗೆ ಮಾತ್ರ ಏಕೆ ಇಳಿಯಲಿಲ್ಲ?

ಹೊಸ ಮನೆಯವ · ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ಮನೆ ಕೊಂಡ ಮೇಲೆ ಇದು ನಮಗೆ ಎರಡನೆಯ ಆಗಸ್ಟ್. ಟೌನ್‌ಶಿಪ್‌ನಿಂದ ತೆರಿಗೆಯ ಕಾಗದ ಬಂದಿದೆ. ಅದರ ನೆತ್ತಿಯ ಮೇಲೆಯೇ ‘ಇದು ಬಿಲ್ ಅಲ್ಲ, ಮಾಹಿತಿಗೆ ಮಾತ್ರ’ ಎಂದು ಬರೆದಿದೆ. ಹಣವನ್ನು ಸಾಲ ಕೊಟ್ಟ ಬ್ಯಾಂಕಿನವರೇ ಎಸ್ಕ್ರೋ ಖಾತೆಯಿಂದ (ತೆರಿಗೆಗೆಂದು ನಮ್ಮ ಹಣವನ್ನು ಎತ್ತಿಡುವ ಖಾತೆ) ಕಟ್ಟುತ್ತಾರೆ. ಹಾಗಾಗಿ ಹೋದ ವರ್ಷ ಈ ಕಾಗದವನ್ನು ತೆರೆದು ಓದಿರಲೂ ಇಲ್ಲ. ಈ ಸಲ ಓದಿದೆ. ಮೇ ಕಂತಿಗಿಂತ ಆಗಸ್ಟ್ ಕಂತು 170 ಡಾಲರ್ ಹೆಚ್ಚು. ಅರ್ಧಕ್ಕೂ ಹೆಚ್ಚು ಪಾಲು ಶಾಲೆಯದು.

ವಸಂತದಲ್ಲಿ ನಮ್ಮ ಶಾಲಾ ಜಿಲ್ಲೆಗೆ (ಊರಿನ ಸರಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕ) ರಾಜ್ಯದ ಅನುದಾನ ಶೇ 6ರಷ್ಟು ಹೆಚ್ಚಾಗಿದೆ ಎಂದು ಪತ್ರಿಕೆಯಲ್ಲಿ ಓದಿ ಖುಷಿಪಟ್ಟಿದ್ದೆ. ಅನುದಾನ ಏರಿದರೆ ತೆರಿಗೆ ಇಳಿಯಬೇಕಲ್ಲವೇ? ಇದರ ನಡುವೆ ಆಂಕರ್, ಸೀನಿಯರ್ ಫ್ರೀಜ್, ಸ್ಟೇ ಎನ್‌ಜೆ ಎಂದು ಆಸ್ತಿ ತೆರಿಗೆ ಪರಿಹಾರಗಳ ಹೆಸರು ಕೇಳುತ್ತಿರುತ್ತೇನೆ. ಇವೆಲ್ಲ ಯಾರ ಕೈಗೆ ಹೋಗುತ್ತಿವೆ? ತಿಳಿದವರು ಬಿಡಿಸಿ ಹೇಳಿ.

ಲೆಕ್ಕಪತ್ರದವ

ಮೊದಲು ಆ 170ರ ಮಾತು. ಇಲ್ಲಿ ತೆರಿಗೆಗೆ ನಾಲ್ಕು ಕಂತು: ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಒಂದನೇ ತಾರೀಖು. ಫೆಬ್ರವರಿ ಮತ್ತು ಮೇ ಕಂತುಗಳು ಅಂದಾಜಿನವು. ಹಿಂದಿನ ವರ್ಷದ ಒಟ್ಟು ತೆರಿಗೆಯ ಕಾಲು ಭಾಗವನ್ನು ಹಾಗೆಯೇ ತೆಗೆದುಕೊಳ್ಳುತ್ತಾರೆ. ಹೊಸ ದರ ನಿಗದಿಯಾಗುವುದು ಬೇಸಿಗೆಯಲ್ಲಿ. ಆದ್ದರಿಂದ ಇಡೀ ವರ್ಷದ ಏರಿಕೆಯನ್ನು ಉಳಿದ ಎರಡು ಕಂತುಗಳೇ ಹೊರಬೇಕಾಗುತ್ತದೆ. ಆಗಸ್ಟ್‌ನಲ್ಲಿ 170 ಏರಿದ್ದರೆ ನವೆಂಬರ್‌ನಲ್ಲೂ ಅಷ್ಟೇ, ವರ್ಷಕ್ಕೆ 340. ಮುಂದಿನ ಫೆಬ್ರವರಿಯಲ್ಲಿ ಕಂತು ತುಸು ಇಳಿದಂತೆ ಕಾಣುತ್ತದೆ, ನಂಬಬೇಡಿ.

ಇನ್ನು ಆ 340 ಪೂರ್ತಿ ಶಾಲೆಯದಲ್ಲ. ಕೌಂಟಿ ಮತ್ತು ಪುರಸಭೆಯ ಸಾಲುಗಳನ್ನು ಹೋದ ವರ್ಷದ ಕಾಗದದ ಪಕ್ಕದಲ್ಲಿಟ್ಟು ಕಳೆದು ನೋಡಿ. ನಮ್ಮಲ್ಲಿ ಏನೇ ಏರಿದರೂ ಬೈಗುಳ ಶಾಲೆಗೆ ಹೋಗುತ್ತದೆ, ಏಕೆಂದರೆ ಆ ಸಾಲು ದೊಡ್ಡದು. 2024ರಲ್ಲಿ ಈ ರಾಜ್ಯದ ಸರಾಸರಿ ಮನೆ ತೆರಿಗೆ ಮೊದಲ ಬಾರಿಗೆ 10,000 ಡಾಲರ್ ದಾಟಿತು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಶಾಲೆಗಳಿಗೆ.

ಅನುದಾನದ ಪ್ರಶ್ನೆಗೆ ಸಂಜೆ ಬಂದು ಬರೆಯುತ್ತೇನೆ. ಅದಕ್ಕೆ ಲೆಕ್ಕ ಹಾಕಿಯೇ ತೋರಿಸಬೇಕು.

ಎರಡು ಮಕ್ಕಳ ತಾಯಿ

ಇದೇ ಪ್ರಶ್ನೆ ನನ್ನದೂ. ನಮ್ಮ ಜಿಲ್ಲೆಯದು ಮಾತ್ರ ತಿರುಗಾಮುರುಗಾ ಕಥೆ: ಅನುದಾನ ಶೇ 3ರಷ್ಟು ಕಡಿಮೆಯಾಗಿದೆ, ತೆರಿಗೆ ಏರಿದೆ, ಮೇಲಾಗಿ ಮಗಳ ಶಾಲೆಯಲ್ಲಿ ಗ್ರಂಥಪಾಲಕಿಯ ಹುದ್ದೆಯನ್ನೂ ತೆಗೆದರು. ಕೊಟ್ಟದ್ದೂ ಹೆಚ್ಚು, ಸಿಕ್ಕಿದ್ದೂ ಕಡಿಮೆ. ಇದು ಯಾವ ಗಣಿತ?

ಲೆಕ್ಕಪತ್ರದವ

ಅಕ್ಕ, ನಿಮ್ಮಿಬ್ಬರಿಗೂ ಒಂದೇ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಊರಿನ ಎಲ್ಲ ಆಸ್ತಿಗಳ ಒಟ್ಟು ಮೌಲ್ಯ 1,000 ಕೋಟಿ ಡಾಲರ್. ಶಾಲೆಗಳ ಬಜೆಟ್ 16 ಕೋಟಿ. ಅದರಲ್ಲಿ ರಾಜ್ಯದ ಅನುದಾನ 4 ಕೋಟಿ, ಮನೆ ಮತ್ತು ಅಂಗಡಿಗಳಿಂದ ಎತ್ತುವ ತೆರಿಗೆ 12 ಕೋಟಿ. ಈ 12 ಕೋಟಿಗೆ ಲೆವಿ ಎನ್ನುತ್ತಾರೆ. ಪ್ರತಿ 100 ಡಾಲರ್ ಮೌಲ್ಯಕ್ಕೆ 1.20 ಡಾಲರ್ ದರ ಬಿತ್ತು. 5 ಲಕ್ಷ ಮೌಲ್ಯದ ಮನೆಗೆ ಶಾಲಾ ತೆರಿಗೆ 6,000.

ಮರುವರ್ಷ ಸಂಬಳ, ಆರೋಗ್ಯ ವಿಮೆ, ಶಾಲಾ ಬಸ್ಸು, ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ ಎಲ್ಲ ಸೇರಿ ಖರ್ಚು ಶೇ 4ರಷ್ಟು ಏರಿತು ಎನ್ನಿ. 64 ಲಕ್ಷ ಹೆಚ್ಚುವರಿ ಬೇಕು. ಅನುದಾನ ಶೇ 6 ಏರಿದರೆ ಬರುವುದು 24 ಲಕ್ಷ. ಇನ್ನೂ 40 ಲಕ್ಷ ಕೊರತೆ. ಹೊಸ ಮನೆಯವರೇ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬಂದ ಅನುದಾನ ಏರಿದ ಖರ್ಚಿಗೆ ಜಮಾ ಆಗುತ್ತದೆ, ಹಳೆಯ ತೆರಿಗೆಯನ್ನು ಕೆಳಗಿಳಿಸುವಷ್ಟು ಉಳಿಯುವುದೇ ಅಪರೂಪ. ಅದು ಬರದಿದ್ದರೆ ಇನ್ನೆಷ್ಟು ಏರುತ್ತಿತ್ತು ಎಂಬುದನ್ನು ಯಾವ ಪತ್ರಿಕೆಯೂ ತಲೆಬರಹದಲ್ಲಿ ಹಾಕುವುದಿಲ್ಲ.

ಈಗ ಅಕ್ಕನ ಊರು. ಅನುದಾನ ಶೇ 3 ಕಡಿಮೆ, ಅಂದರೆ 12 ಲಕ್ಷ ಖೋತಾ. ಖರ್ಚಿನ 64 ಸೇರಿ 76 ಲಕ್ಷ ಹೊಂದಿಸಬೇಕು. ಎಲ್ಲವನ್ನೂ ತೆರಿಗೆಯ ಮೇಲೆ ಹಾಕಿದರೆ 6,000 ಕಟ್ಟುವವರಿಗೆ 380 ಡಾಲರ್ ಹೊರೆ. ಆದರೆ ಹಾಕುವಂತಿಲ್ಲ. 2010ರಲ್ಲಿ ಗವರ್ನರ್ ಕ್ರಿಸ್ಟಿ ಸಹಿ ಮಾಡಿದ ಕಾನೂನಿನ ಪ್ರಕಾರ ಲೆವಿ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಕೂಡದು. 12 ಕೋಟಿಗೆ ಶೇ 2 ಎಂದರೆ 24 ಲಕ್ಷ. ಮನೆಯ ಮೇಲೆ ಬೀಳುವುದು 120 ಡಾಲರ್ ಮಾತ್ರ. ಉಳಿದ 52 ಲಕ್ಷ? ಒಂದು ಹುದ್ದೆಗೆ ವಿಮೆ ಸೇರಿ 1 ಲಕ್ಷ ಎಂದು ಹಿಡಿಯಿರಿ, 52 ಹುದ್ದೆ. ಅದರಲ್ಲಿ ಒಂದು ನಿಮ್ಮ ಗ್ರಂಥಪಾಲಕಿಯದು.

ಅನುದಾನ ಕಡಿತದ ಪೆಟ್ಟು ಮೊದಲು ಬೀಳುವುದು ತರಗತಿಗೆ, ಆಮೇಲೆ ತೆರಿಗೆ ಕಾಗದಕ್ಕೆ. ಶಾಲೆಯಲ್ಲಿ ಮಕ್ಕಳಿಲ್ಲದವರಿಗೆ ಆ ಪೆಟ್ಟು ಕಾಣುವುದೇ ಇಲ್ಲ.

ನಿವೃತ್ತ ಮೇಷ್ಟರು

ಲೆಕ್ಕ ಸರಿಯಾಗಿದೆ. ಒಂದು ಮಾತು ಸೇರಿಸುತ್ತೇನೆ. ಶೇ 2ರ ಮಿತಿ ಇರುವುದು ಒಟ್ಟು ಲೆವಿಗೆ, ನಿಮ್ಮ ನಿಮ್ಮ ಮನೆಯ ಬಿಲ್‌ಗೆ ಅಲ್ಲ. ಊರಿನಲ್ಲಿ ಮರುಮೌಲ್ಯಮಾಪನ ನಡೆದು ನಿಮ್ಮ ಬಡಾವಣೆಯ ಮನೆಗಳು ಬೇರೆಯವಕ್ಕಿಂತ ವೇಗವಾಗಿ ಬೆಲೆ ಏರಿಸಿಕೊಂಡಿದ್ದರೆ ಒಟ್ಟು ಲೆವಿ ಶೇ 2 ಏರಿದರೂ ನಿಮ್ಮದು ಶೇ 8 ಏರಬಹುದು, ಪಕ್ಕದ ಬಡಾವಣೆಯವರದು ಇಳಿಯಬಹುದು. ಮಿತಿಗೆ ವಿನಾಯಿತಿಗಳೂ ಉಂಟು: ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದರೆ, ಆರೋಗ್ಯ ವಿಮೆಯ ವೆಚ್ಚ ನಿಗದಿತ ಮಟ್ಟ ದಾಟಿದರೆ. ಕಟ್ಟಡದ ಸಾಲದ ಕಂತು ಮಿತಿಯ ಹೊರಗೇ ಇದೆ. ಅದಕ್ಕೂ ಮೀರಿ ಬೇಕೆಂದರೆ ಶಾಲಾ ಮಂಡಳಿ ಜನರ ಮುಂದೆ ಮತಕ್ಕೆ ಹೋಗಬೇಕು.

ಇಷ್ಟಾಗಿಯೂ ಕಿರಿಯರೆಲ್ಲ ಅನುದಾನವನ್ನೇ ಹಿಡಿದುಕೊಂಡು ಕುಳಿತಿದ್ದೀರಿ. ಪಿಂಚಣಿಯಲ್ಲಿ ಬದುಕುವವನಿಗೆ ಲೆವಿಯ ಸೂಕ್ಷ್ಮ ಬೇಡ, ಮನೆ ಉಳಿದರೆ ಸಾಕು. ಸ್ಟೇ ಎನ್‌ಜೆ ಬಂದದ್ದು ನಮ್ಮಂಥವರಿಗೆ ದೊಡ್ಡ ಆಸರೆ.

ಜರ್ಸಿ ಸಿಟಿ ಬಾಡಿಗೆದಾರ

ಬಾಡಿಗೆದಾರರೂ ತೆರಿಗೆ ಕಟ್ಟುತ್ತೇವೆ ಎಂಬುದನ್ನು ಮರೆಯಬೇಡಿ, ಮಾಲೀಕರು ಬಾಡಿಗೆಯೊಳಗೆ ಸೇರಿಸಿ ತೆಗೆದುಕೊಳ್ಳುತ್ತಾರೆ. ಆಂಕರ್‌ನಲ್ಲಿ ನಮಗೆ 450 ಡಾಲರ್. ಮನೆಯೊಡೆಯರಿಗೆ 1,500ರವರೆಗೆ. ಅಷ್ಟೇ ಹೇಳಬೇಕಿತ್ತು.

ಹೊಸ ಮನೆಯವ

ಲೆಕ್ಕಪತ್ರದವರೇ, ಕಣ್ಣು ತೆರೆಸಿದಿರಿ. ಕಳೆದು ನೋಡಿದೆ: 340ರಲ್ಲಿ ಶಾಲೆಯದು 210, ಉಳಿದದ್ದು ಪುರಸಭೆ ಮತ್ತು ಕೌಂಟಿ. ಇನ್ನೊಂದು ಸಂದೇಹ. ನಮ್ಮ ಜಿಲ್ಲೆಗೆ ಶೇ 6 ಹೆಚ್ಚು, ಅಕ್ಕನ ಜಿಲ್ಲೆಗೆ ಶೇ 3 ಕಡಿಮೆ. ಎರಡರ ನಡುವೆ ಕಾರಿನಲ್ಲಿ ಅರ್ಧ ಗಂಟೆ. ಈ ತಾರತಮ್ಯ ಯಾರು ಮಾಡುತ್ತಾರೆ?

ಲೆಕ್ಕಪತ್ರದವ

ಸೂತ್ರ ಮಾಡುತ್ತದೆ. 2008ರ ಶಾಲಾ ನಿಧಿ ಸುಧಾರಣಾ ಕಾಯ್ದೆಯ ಪ್ರಕಾರ ಮೊದಲು ಒಂದು ಜಿಲ್ಲೆಗೆ ಎಷ್ಟು ಹಣ ಬೇಕು ಎಂದು ಲೆಕ್ಕ ಹಾಕುತ್ತಾರೆ. ಒಬ್ಬ ವಿದ್ಯಾರ್ಥಿಗೆ ಮೂಲ ಮೊತ್ತ, ಪ್ರೌಢಶಾಲೆಯವನಾದರೆ ಸ್ವಲ್ಪ ಹೆಚ್ಚು, ಬಡ ಕುಟುಂಬದ ಮಗುವಾದರೆ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಗುವಾದರೆ ಮತ್ತಷ್ಟು ಹೆಚ್ಚು. ಆಮೇಲೆ ಆ ಊರು ತಾನೇ ಎಷ್ಟು ಭರಿಸಬಲ್ಲದು ಎಂದು ನೋಡುತ್ತಾರೆ. ಊರಿನ ಆಸ್ತಿಗಳ ಮಾರುಕಟ್ಟೆ ಮೌಲ್ಯದಿಂದ ಒಂದು ಅಂಕಿ, ನಿವಾಸಿಗಳ ಆದಾಯದಿಂದ ಇನ್ನೊಂದು. ಎರಡರ ಸರಾಸರಿಯೇ ಊರಿನ ನ್ಯಾಯವಾದ ಪಾಲು. ಬೇಕಾದದ್ದರಲ್ಲಿ ಈ ಪಾಲನ್ನು ಕಳೆದರೆ ಉಳಿಯುವುದು ರಾಜ್ಯದ ಸಮತೋಲನ ಅನುದಾನ.

ಇಲ್ಲಿ ಒಂದು ತಮಾಷೆ ಗಮನಿಸಿ. ಕೋವಿಡ್ ನಂತರ ಮನೆಗಳ ಬೆಲೆ ಗಗನಕ್ಕೇರಿತು. ನಿಮ್ಮ ಸಂಬಳ ಏರಿಲ್ಲ, ಮನೆಯನ್ನು ನೀವು ಮಾರಿಲ್ಲ, ಕೈಗೆ ಒಂದು ಡಾಲರ್ ಹೆಚ್ಚಿಗೆ ಬಂದಿಲ್ಲ. ಆದರೆ ಸೂತ್ರದ ಕಣ್ಣಿಗೆ ನಿಮ್ಮ ಊರು ಶ್ರೀಮಂತವಾಗಿದೆ. ಪಾಲು ಏರಿತು, ಅನುದಾನ ಇಳಿಯಿತು. ಎರಡೇ ಕಿಲೋಮೀಟರು ಆಚೆಗಿನ ಊರಿನಲ್ಲಿ ಹೊಸ ಅಪಾರ್ಟ್‌ಮೆಂಟುಗಳು ಎದ್ದು ಮಕ್ಕಳ ಸಂಖ್ಯೆ ಹೆಚ್ಚಿದ್ದರೆ ಅಲ್ಲಿ ಅನುದಾನ ಏರುತ್ತದೆ.

2018ರಲ್ಲಿ ಇನ್ನೊಂದು ಕಾನೂನು ಬಂತು. ಜನ ಅದನ್ನು ‘ಎಸ್-2’ ಎಂದೇ ಕರೆಯುತ್ತಾರೆ. ಸೂತ್ರಕ್ಕಿಂತ ಹೆಚ್ಚು ಪಡೆಯುತ್ತಿದ್ದ ಜಿಲ್ಲೆಗಳಿಂದ ಏಳು ವರ್ಷಗಳಲ್ಲಿ ಹಂತ ಹಂತವಾಗಿ ಹಣ ಹಿಂದೆಗೆದು, ಕಡಿಮೆ ಸಿಗುತ್ತಿದ್ದವರಿಗೆ ಕೊಡುವುದು. ತತ್ತ್ವದಲ್ಲಿ ನ್ಯಾಯವೇ. ಎಷ್ಟೋ ಊರುಗಳು ಬಹಳ ಕಾಲ ತಮ್ಮ ಪಾಲಿಗಿಂತ ಕಡಿಮೆ ಪಡೆದಿದ್ದವು. ಆದರೆ ಕಳೆದುಕೊಂಡವರ ಕೈಗಳನ್ನು ಶೇ 2ರ ಮಿತಿ ಕಟ್ಟಿಹಾಕಿತ್ತು. ಟಾಮ್ಸ್ ರಿವರ್, ಜರ್ಸಿ ಸಿಟಿ ಮುಂತಾದವು ವರ್ಷ ವರ್ಷವೂ ಕಡಿತ ಉಂಡವು. 2024ರಲ್ಲಿ ಸರಕಾರ ಒಂದು ಸಡಿಲಿಕೆ ಕೊಟ್ಟಿತು: ಹಣ ಕಳೆದುಕೊಂಡ ಜಿಲ್ಲೆಗಳು ಬೇಕಿದ್ದರೆ ಲೆವಿಯನ್ನು ಶೇ 9.9ರವರೆಗೆ ಏರಿಸಬಹುದು. ನಮ್ಮ ಕಲ್ಪನೆಯ ಊರಿನಲ್ಲಿ 6,000 ಕಟ್ಟುವ ಮನೆಗೆ ಅದು 594 ಡಾಲರ್. ಒಂದೇ ವರ್ಷದಲ್ಲಿ. ಟಾಮ್ಸ್ ರಿವರ್‌ನ ಶಾಲಾ ಮಂಡಳಿ ಈ ವರ್ಷ ದಿವಾಳಿ ಘೋಷಣೆಯ ಮಾತನ್ನೇ ಎತ್ತಿತು. 2025-26ಕ್ಕೆ ಯಾವ ಜಿಲ್ಲೆಗೂ ಶೇ 3ಕ್ಕಿಂತ ಹೆಚ್ಚು ಕಡಿತವಿಲ್ಲ, ಶೇ 6ಕ್ಕಿಂತ ಹೆಚ್ಚು ಏರಿಕೆಯಿಲ್ಲ ಎಂದು ಬೇಲಿ ಹಾಕಿದ್ದಾರೆ. ನಿಮ್ಮಿಬ್ಬರ ಶೇ 6 ಮತ್ತು ಶೇ 3 ಬಂದದ್ದು ಈ ಬೇಲಿಯಿಂದ.

ನಿವೃತ್ತ ಮೇಷ್ಟರು

ಹಳೆಯ ಕಥೆಯೊಂದು ಇಲ್ಲಿ ಬೇಕು. ಈ ರಾಜ್ಯದಲ್ಲಿ ಆದಾಯ ತೆರಿಗೆ ಹುಟ್ಟಿದ್ದೇ ಶಾಲೆಗಳಿಗಾಗಿ. ಮನೆ ತೆರಿಗೆಯ ಮೇಲೆಯೇ ಶಾಲೆಗಳು ನಿಂತಿದ್ದರಿಂದ ಬಡ ಊರಿನ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂದು ರಾಬಿನ್ಸನ್ ಮತ್ತು ಕಾಹಿಲ್ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1973ರಲ್ಲಿ ತೀರ್ಪು ಕೊಟ್ಟಿತು. ಶಾಸಕರು ಹಣ ಹುಡುಕದೆ ಎಳೆದಾಡಿದರು. 1976ರ ಜುಲೈಯಲ್ಲಿ ನ್ಯಾಯಾಲಯ ಶಾಲೆಗಳಿಗೆ ಖರ್ಚು ಮಾಡುವುದನ್ನೇ ತಡೆಯಿತು, ಬೇಸಿಗೆ ತರಗತಿಗಳು ಮುಚ್ಚಿದವು. ಕೆಲವೇ ದಿನಗಳಲ್ಲಿ ಗವರ್ನರ್ ಬ್ರೆಂಡನ್ ಬರ್ನ್ ಆದಾಯ ತೆರಿಗೆಯ ಕಾನೂನಿಗೆ ಸಹಿ ಹಾಕಿದರು. ಆ ಹಣ ಆಸ್ತಿ ತೆರಿಗೆಯ ಹೊರೆ ಇಳಿಸಲಿಕ್ಕೇ ಮೀಸಲು ಎಂದು ಅದೇ ವರ್ಷ ಸಂವಿಧಾನದಲ್ಲೇ ಬರೆದರು.

ಶಾಲಾ ಅನುದಾನವೂ ಆ ಪೆಟ್ಟಿಗೆಯಿಂದಲೇ, ನನಗೆ ಬರುವ ಪರಿಹಾರದ ಚೆಕ್ಕೂ ಆ ಪೆಟ್ಟಿಗೆಯಿಂದಲೇ. ಹೊರೆ ಇಳಿಸುವ ಎರಡು ದಾರಿ. ನೀವು ಒಂದನ್ನು ಬಯಸುತ್ತೀರಿ, ನಾನು ಇನ್ನೊಂದನ್ನು. ಇದರಲ್ಲಿ ನಾಚಿಕೊಳ್ಳುವಂಥದ್ದೇನಿದೆ?

ಎರಡು ಮಕ್ಕಳ ತಾಯಿ

ಮೇಷ್ಟರೇ, ನಾಚಿಕೆಯ ಮಾತಲ್ಲ. ಆದರೆ ಒಂದೇ ಪೆಟ್ಟಿಗೆ ಎಂದು ನೀವೇ ಹೇಳಿದಿರಿ. ಅದರಿಂದ ಚೆಕ್ಕಿಗೆ ಹೋದ ಹಣ ತರಗತಿಗೆ ಬರುವುದಿಲ್ಲ. ನಮ್ಮಿಬ್ಬರ ಆದಾಯ ಸೇರಿ ಎರಡೂವರೆ ಲಕ್ಷ ದಾಟಿದೆ, ಆಂಕರ್ ಇಲ್ಲ. ವಯಸ್ಸು ನಲವತ್ತು, ಉಳಿದವೂ ಇಲ್ಲ. ಐಟಿಯಲ್ಲಿ ಇಬ್ಬರೂ ದುಡಿಯುವ ನಮ್ಮವರ ಮನೆಗಳಲ್ಲಿ ಬಹುತೇಕ ಇದೇ ಕಥೆ. ನಮಗೆ ಸಿಗುವ ಏಕೈಕ ನೆರವು ಶಾಲೆಯ ಮೂಲಕ ಬರುವಂಥದ್ದು. ಅದೇ ಕಡಿಮೆಯಾಯಿತು.

ಲೆಕ್ಕಪತ್ರದವ

ಜಗಳಕ್ಕೆ ಮೊದಲು ಪರಿಹಾರಗಳು ಹೇಗೆ ಕೆಲಸ ಮಾಡುತ್ತವೆ ಎಂದು ಸ್ಪಷ್ಟ ಮಾಡಿಕೊಳ್ಳೋಣ. ಯಾವ ಪರಿಹಾರವೂ ಲೆವಿಯನ್ನು ಒಂದು ಡಾಲರ್‌ನಷ್ಟೂ ಇಳಿಸುವುದಿಲ್ಲ. ಬಿಲ್ ಪೂರ್ತಿ ಕಟ್ಟಿದ ಮೇಲೆ ಬೇರೆಯಾಗಿ ಕೈಗೆ ಬರುವ ಹಣ ಇದು.

ಆಂಕರ್: ಅಕ್ಟೋಬರ್ 1ರಂದು ಸ್ವಂತ ಮನೆಯಲ್ಲಿ ವಾಸವಿರಬೇಕು. ಆದಾಯ ಒಂದೂವರೆ ಲಕ್ಷದೊಳಗಿದ್ದರೆ 1,500, ಎರಡೂವರೆ ಲಕ್ಷದೊಳಗಿದ್ದರೆ 1,000, ಅರುವತ್ತೈದು ದಾಟಿದವರಿಗೆ 250 ಹೆಚ್ಚು. ಮೊತ್ತ ಸ್ಥಿರ. ನಾಳೆ ಲೆವಿ ಏರಿದರೆ ಏರಿಕೆಯೆಲ್ಲ ನಿಮ್ಮ ತಲೆಗೇ.

ಸೀನಿಯರ್ ಫ್ರೀಜ್‌ನದು ಬೇರೆ ಸ್ವಭಾವ. ಹೆಸರು ಕೇಳಿ ತೆರಿಗೆಯೇ ಹೆಪ್ಪುಗಟ್ಟುತ್ತದೆ ಎಂದುಕೊಳ್ಳುವವರಿದ್ದಾರೆ. ಬಿಲ್ ಏರುತ್ತಲೇ ಇರುತ್ತದೆ. ಹಿರಿಯರು ಅರ್ಹರಾದ ಮೊದಲ ವರ್ಷದ ತೆರಿಗೆಯನ್ನು ಗುರುತಾಗಿಟ್ಟುಕೊಂಡು, ಅಲ್ಲಿಂದಾಚೆಗೆ ಏರಿದ್ದನ್ನು ರಾಜ್ಯ ಹಿಂದಿರುಗಿಸುತ್ತದೆ.

ಸ್ಟೇ ಎನ್‌ಜೆ 2023ರ ಕಾನೂನು, ಹಣ ಬರಲು ಆರಂಭವಾಗುವುದು 2026ರ ಮೊದಲ ತಿಂಗಳುಗಳಲ್ಲಿ. ಅರುವತ್ತೈದು ದಾಟಿ, ಆದಾಯ 5 ಲಕ್ಷದೊಳಗಿದ್ದರೆ, ತೆರಿಗೆಯ ಅರ್ಧ, ಗರಿಷ್ಠ 6,500. ಇದು ಮೇಲಿನ ಎರಡರ ಜೊತೆ ಕೂಡಿ ಬರುವ ಹಣವಲ್ಲ, ಅವೆರಡರಲ್ಲಿ ಸಿಕ್ಕಿದ್ದನ್ನು ಕಳೆದು ಅರ್ಧಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ತುಂಬಿಕೊಡುತ್ತದೆ. 11,000 ತೆರಿಗೆಯವರಿಗೆ ಎಲ್ಲ ಸೇರಿ 5,500. ಮೂರಕ್ಕೂ ಈಗ ಒಂದೇ ಅರ್ಜಿ.

ಅದರ ಪರಿಣಾಮ ನೋಡಿ. 11,000 ಕಟ್ಟುವ ಮೇಷ್ಟರ ಮನೆಗೆ ಶಾಲೆ 120 ಏರಿಸಿದರೆ ಅವರ ಕೈಯಿಂದ ಹೋಗುವುದು 60. ಅಕ್ಕನ ಕೈಯಿಂದ 120. ತೆರಿಗೆ 13,000 ದಾಟಿದ ಹಿರಿಯರಿಗೆ ಮಿತಿ ಮುಟ್ಟಿರುತ್ತದೆ, ಅಲ್ಲಿಂದ ಅವರೂ ಪೂರ್ತಿ ಕೊಡಬೇಕು. ಒಂದೇ ಬೀದಿಯಲ್ಲಿ ಒಂದೇ ಅಳತೆಯ ಮನೆಗಳಿಗೆ ಒಂದೇ ಏರಿಕೆ ಎರಡು ಬೆಲೆಯಲ್ಲಿ ಬೀಳುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: 5 ಲಕ್ಷ ಆದಾಯದವರೆಗೆ ಅರ್ಧ ತೆರಿಗೆ ಹಿಂದಿರುಗಿಸುವುದು ಅತಿಯಾಯಿತು. ಅದರಲ್ಲಿ ಒಂದು ಪಾಲು ಸೂತ್ರದ ಅನುದಾನಕ್ಕೆ ಹೋಗಿದ್ದರೆ ಕಡಿತ ತಿಂದ ಊರುಗಳಲ್ಲಿ ಹಿರಿಯರ ಬಿಲ್ಲೂ ಇಷ್ಟು ಏರುತ್ತಿರಲಿಲ್ಲ.

ನಿವೃತ್ತ ಮೇಷ್ಟರು

5 ಲಕ್ಷದ ಮಿತಿ ಅತಿಯೆಂಬುದನ್ನು ಒಪ್ಪುತ್ತೇನೆ. ಅಷ್ಟು ಆದಾಯವಿರುವ ಮುದುಕರ ಪರಿಚಯ ನನಗಂತೂ ಇಲ್ಲ. ಆದರೆ ಶಾಲೆಗೆ ಕೊಟ್ಟರೆ ನನ್ನ ಬಿಲ್ ಇಳಿಯುತ್ತದೆ ಎಂಬುದನ್ನು ಒಪ್ಪುವುದಿಲ್ಲ. ನೀವೇ ತೋರಿಸಿದಿರಲ್ಲ, ಅನುದಾನ ಶೇ 6 ಏರಿದ ಊರಿನಲ್ಲೂ ಕೊರತೆ ಉಳಿದು ಲೆವಿ ಏರಲೇಬೇಕಾಯಿತು. ಮಂಡಳಿಗೆ ಏರಿಸಲು ಅವಕಾಶವಿದ್ದರೆ ಏರಿಸಿಯೇ ತೀರುತ್ತದೆ, ಏಕೆಂದರೆ ಈ ವರ್ಷ ಬಿಟ್ಟರೆ ಮುಂದಿನ ವರ್ಷದ ಶೇ 2 ಚಿಕ್ಕ ಮೊತ್ತದ ಮೇಲೆ ಬರುತ್ತದೆ. ನನ್ನ ಕೈಗೆ ಬರುವ ಚೆಕ್ಕನ್ನು ಮಾತ್ರ ನಾನು ನಂಬಬಲ್ಲೆ.

ಲೆಕ್ಕಪತ್ರದವ

ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಮೇಷ್ಟರೇ. ಮಿತಿಯೇ ವಾಡಿಕೆಯಾಗಿಬಿಟ್ಟಿದೆ. 2012ರಿಂದ ಶಾಲಾ ಮಂಡಳಿಯ ಚುನಾವಣೆಯನ್ನು ನವೆಂಬರ್‌ಗೆ ಸಾಗಿಸಿದ ಜಿಲ್ಲೆಗಳಲ್ಲಿ, ಅಂದರೆ ಈಗ ಬಹುತೇಕ ಎಲ್ಲ ಕಡೆ, ಶೇ 2ರೊಳಗಿನ ಬಜೆಟ್ಟಿಗೆ ಜನರ ಮತವೇ ಬೇಕಿಲ್ಲ.

ಡಲ್ಲಾಸ್ ನಿವಾಸಿ

ಟೆಕ್ಸಾಸ್‌ನವರು ನಡುವೆ ಬಾಯಿ ಹಾಕಬಹುದೇ? ನಮ್ಮಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ಹೆಚ್ಚಿನ ಭಾರ ಮನೆಯ ಮೇಲೆ. ಪರಿಹಾರ ಚೆಕ್ಕಿನಲ್ಲಿ ಬರುವುದಿಲ್ಲ, ಬಿಲ್ಲಿನೊಳಗೇ ಕಳೆಯುತ್ತಾರೆ. ವಾಸದ ಮನೆಯ ಮೌಲ್ಯದಲ್ಲಿ ಮೊದಲ 40,000 ಡಾಲರ್‌ಗೆ ಶಾಲಾ ತೆರಿಗೆ ಇರಲಿಲ್ಲ. 2023ರ ನವೆಂಬರ್‌ನಲ್ಲಿ ಜನ ಮತ ಹಾಕಿ ಅದನ್ನು 1 ಲಕ್ಷಕ್ಕೆ ಏರಿಸಿದೆವು. ಈ ನವೆಂಬರ್‌ನಲ್ಲಿ 1,40,000 ಮಾಡುವ ಪ್ರಸ್ತಾವ ಮತಕ್ಕೆ ಬರುತ್ತಿದೆ. ಶಾಲೆಗೆ ಆಗುವ ನಷ್ಟವನ್ನು ರಾಜ್ಯ ತುಂಬಿಕೊಡುತ್ತದೆ. ಇದರಲ್ಲಿ ಕೊರತೆ ಏನೆಂದರೆ, ತುಂಬಿಕೊಟ್ಟ ಹಣ ಶಾಲೆಗೆ ಹೊಸ ಹಣವಲ್ಲ, ಹಳೆಯ ಹಣಕ್ಕೆ ಬದಲಿ. ಪ್ರತಿ ವಿದ್ಯಾರ್ಥಿಯ ಮೂಲ ಮೊತ್ತ 2019ರಿಂದ 6,160 ಡಾಲರ್‌ನಲ್ಲೇ ನಿಂತಿತ್ತು, ಈ ವರ್ಷ ಅದಕ್ಕೆ 55 ಸೇರಿಸಿದ್ದಾರೆ. ಐವತ್ತೈದು! ಮೇಲಿನಿಂದ ಆಸ್ತಿವಂತ ಜಿಲ್ಲೆಗಳ ತೆರಿಗೆಯ ಒಂದು ಪಾಲನ್ನು ರಾಜ್ಯ ಹಿಂದೆ ಪಡೆಯುತ್ತದೆ. ಆಸ್ಟಿನ್ ಜಿಲ್ಲೆಯವರ ಗೋಳು ಕೇಳಬೇಕು.

ಮೈಸೂರಿನ ಓದುಗ

ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ, ಹೀಗಾಗಿ ಓದುತ್ತಿದ್ದೇನೆ. ಹತ್ತು ಸಾವಿರ ಡಾಲರ್ ಮನೆ ತೆರಿಗೆ ಎಂದರೆ ನಮಗೆ ತಲೆ ತಿರುಗುತ್ತದೆ. ಇಲ್ಲಿ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಎಲ್ಲ ಕಟ್ಟುತ್ತೇವೆ. ಸರಕಾರಿ ಶಾಲೆಯ ಮೇಷ್ಟರ ಸಂಬಳ ಮಾತ್ರ ರಾಜ್ಯದ ಖಜಾನೆಯಿಂದ. ನಿಮ್ಮಲ್ಲೂ ರಾಜ್ಯವೇ ಎಲ್ಲವನ್ನೂ ಕೊಟ್ಟರೆ ಆಗದೇ?

ಎರಡು ಮಕ್ಕಳ ತಾಯಿ

ಸರ್, ಅಲ್ಲಿ ಕಂದಾಯ ಕಡಿಮೆ, ನಿಜ. ಆದರೆ ನಮ್ಮಣ್ಣ ಬೆಂಗಳೂರಿನಲ್ಲಿ ಮಗನ ಖಾಸಗಿ ಶಾಲೆಗೆ ಕಟ್ಟುವ ಶುಲ್ಕವನ್ನು ಸೇರಿಸಿ ಹೇಳಿ. ಇಲ್ಲಿ ಆ ಶುಲ್ಕ ಮನೆಯ ಬಿಲ್ಲಿನಲ್ಲಿ ಬರುತ್ತದೆ, ಮಕ್ಕಳು ಓದು ಮುಗಿಸಿದ ಮೇಲೂ ಬರುತ್ತಲೇ ಇರುತ್ತದೆ ಎಂಬುದು ವ್ಯತ್ಯಾಸ.

ಜರ್ಸಿ ಸಿಟಿ ಬಾಡಿಗೆದಾರ

ಯಾರೂ ಎತ್ತದ ಒಂದು ವಿಷಯ. ಇಲ್ಲಿನ ನದಿದಂಡೆಯ ಗಗನಚುಂಬಿಗಳಲ್ಲಿ ಅನೇಕವು ಸಾಮಾನ್ಯ ಆಸ್ತಿ ತೆರಿಗೆ ಕಟ್ಟುವುದಿಲ್ಲ. ತೆರಿಗೆಗೆ ಬದಲಾಗಿ ದೀರ್ಘಾವಧಿ ಒಪ್ಪಂದದ ಮೊತ್ತ ಕಟ್ಟುತ್ತಾರೆ, ‘ಪೈಲಟ್’ ಎನ್ನುತ್ತಾರೆ. ಅದರಲ್ಲಿ ಶೇ 95 ನಗರಕ್ಕೆ, ಶೇ 5 ಕೌಂಟಿಗೆ. ಶಾಲೆಗೆ ಕಾನೂನಿನ ಪ್ರಕಾರ ಸೊನ್ನೆ. ಆ ಕಟ್ಟಡದ ಮಕ್ಕಳು ಶಾಲೆಗೆ ಬರುತ್ತಾರೆ, ಖರ್ಚು ಮಾತ್ರ ಉಳಿದ ಮನೆಗಳ ಮೇಲೆ. ಎಸ್-2 ಕಡಿತದ ಪೆಟ್ಟಿಗೆ ನಮ್ಮ ನಗರ 2018ರಲ್ಲಿ ಉದ್ಯೋಗದಾತರ ಮೇಲೆ ಶೇ 1ರ ಸಂಬಳ ತೆರಿಗೆ ಹಾಕಿ ಶಾಲೆಗೆ ಕೊಟ್ಟಿತು. ಆ ದಾರಿ ಸಣ್ಣ ಊರುಗಳಿಗೆ ಇಲ್ಲ. ನಿಮ್ಮ ಊರಿನಲ್ಲಿ ಹೊಸ ಗೋದಾಮೋ ಅಪಾರ್ಟ್‌ಮೆಂಟೋ ಬರುತ್ತಿದ್ದರೆ ಟೌನ್‌ಶಿಪ್ ಸಭೆಯಲ್ಲಿ ಇದು ಪೈಲಟ್ ಹೌದೋ ಅಲ್ಲವೋ ಎಂದು ಕೇಳಿ.

ಹೊಸ ಮನೆಯವ

ಇದಂತೂ ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯಿಂದ ಅನತಿ ದೂರದಲ್ಲೇ ಎರಡು ದೊಡ್ಡ ಗೋದಾಮುಗಳು ಏಳುತ್ತಿವೆ.

ನನ್ನಂಥ ನಲವತ್ತರ ಒಳಗಿನವನಿಗೆ, ಆದಾಯವೂ ಮಿತಿ ಮೀರಿದವನಿಗೆ, ಬೇರೆ ಯಾವ ದಾರಿಯೂ ಇಲ್ಲವೇ?

ಲೆಕ್ಕಪತ್ರದವ

ಇದೆ, ದೊಡ್ಡದಲ್ಲ. ರಾಜ್ಯದ ಆದಾಯ ತೆರಿಗೆ ಸಲ್ಲಿಸುವಾಗ ಕಟ್ಟಿದ ಆಸ್ತಿ ತೆರಿಗೆಯನ್ನು 15,000ದವರೆಗೆ ಆದಾಯದಿಂದ ಕಳೆಯಬಹುದು. ಕೇಂದ್ರದ ತೆರಿಗೆಯಲ್ಲಿ ರಾಜ್ಯ ಮತ್ತು ಸ್ಥಳೀಯ ತೆರಿಗೆಗಳ ಕಡಿತಕ್ಕೆ 2018ರಿಂದ 10,000ದ ಮಿತಿ ಇತ್ತು. ನಮ್ಮ ರಾಜ್ಯದವರಿಗೆ ಅದರ ಹೊಡೆತ ಜೋರಾಗಿತ್ತು. ಈ ಜುಲೈಯಲ್ಲಿ ಬಂದ ಕಾನೂನು 2025ಕ್ಕೆ ಅದನ್ನು 40,000ಕ್ಕೆ ಏರಿಸಿದೆ, ಆದಾಯ 5 ಲಕ್ಷ ದಾಟಿದರೆ ಕರಗುತ್ತ ಹೋಗುತ್ತದೆ. ಆದರೆ ದಂಪತಿಗೆ ಖರ್ಚಿನ ಲೆಕ್ಕ ಕೊಡದೆಯೇ ಸಿಗುವ ಸಾಮಾನ್ಯ ಕಡಿತವೇ 31,500 ಇರುವುದರಿಂದ, ಗೃಹಸಾಲದ ಬಡ್ಡಿ, ರಾಜ್ಯದ ಆದಾಯ ತೆರಿಗೆ, ಮನೆ ತೆರಿಗೆ ಸೇರಿ ಅದನ್ನು ಮೀರಿದರೆ ಮಾತ್ರ ಲಾಭ. ನಿಮ್ಮದು ಹೊಸ ಸಾಲ, ಬಡ್ಡಿ ಹೆಚ್ಚು. ಬಹುಶಃ ಮೀರುತ್ತದೆ. ಲೆಕ್ಕ ಹಾಕಿಸಿ.

ಮೌಲ್ಯಮಾಪನವೇ ಜಾಸ್ತಿ ಎನಿಸಿದರೆ ಮೇಲ್ಮನವಿ ಇದೆ, ಬಹುತೇಕ ಕೌಂಟಿಗಳಲ್ಲಿ ಏಪ್ರಿಲ್ 1ರೊಳಗೆ. ‘ತೆರಿಗೆ ಹೆಚ್ಚಾಯಿತು’ ಎಂದು ಅಲ್ಲಿ ವಾದಿಸಿದರೆ ಯಾರೂ ಕೇಳುವುದಿಲ್ಲ. ಅದೇ ಬಡಾವಣೆಯಲ್ಲಿ ಅಂಥದ್ದೇ ಮನೆಗಳು ಎಷ್ಟಕ್ಕೆ ಮಾರಾಟವಾದವು ಎಂಬ ಪುರಾವೆ ಬೇಕು.

ಇನ್ನೊಂದು ಕೆಲಸ ಮಾಡಿ. ಆ ಕಾಗದದಲ್ಲಿ ಎಲ್ಲಾದರೂ ಚಿಕ್ಕ ಅಕ್ಷರಗಳಲ್ಲಿ ‘ಈ ಆಸ್ತಿಯ ತೆರಿಗೆ ತಗ್ಗಿಸಲು ಬಳಸಿದ ರಾಜ್ಯದ ನೆರವು’ ಎಂಬ ಪುಟ್ಟ ಕೋಷ್ಟಕ ಇರುತ್ತದೆ. ಕೌಂಟಿ, ಪುರಸಭೆ, ಶಾಲೆ ಎಂದು ಬೇರೆ ಬೇರೆ.

ಹೊಸ ಮನೆಯವ

ಸಿಕ್ಕಿತು! ಶಾಲೆಯ ಮುಂದೆ 1,930 ಡಾಲರ್ ಎಂದಿದೆ. ಅಂದರೆ ಅನುದಾನವೇ ಇಲ್ಲದಿದ್ದರೆ ನಾನು ಇಷ್ಟು ಹೆಚ್ಚು ಕಟ್ಟಬೇಕಿತ್ತು?

ಲೆಕ್ಕಪತ್ರದವ

ಶಾಲೆಯ ಖರ್ಚು ಹೀಗೇ ಇದ್ದಿದ್ದರೆ, ಹೌದು. ಆದಾಯದ ಮಿತಿಯಿಲ್ಲದೆ, ಅರ್ಜಿಯಿಲ್ಲದೆ ನಿಮಗೆ ಬಂದಿರುವ ಪರಿಹಾರ ಅದು. ಆಂಕರ್‌ನ 1,500ಕ್ಕಿಂತ ದೊಡ್ಡದು.

ಎರಡು ಮಕ್ಕಳ ತಾಯಿ

ನಮ್ಮದರಲ್ಲಿ ಆ ಅಂಕಿ 640. ಜಿಲ್ಲೆಯ ಜಾಲತಾಣದಲ್ಲಿ ಜನಸ್ನೇಹಿ ಬಜೆಟ್ ಎಂಬ ಕಡತವೂ ಸಿಕ್ಕಿತು, ಪ್ರತಿ ಜಿಲ್ಲೆ ಪ್ರಕಟಿಸಲೇಬೇಕಂತೆ. ಅದರಲ್ಲಿ ‘ಉಳಿಸಿಟ್ಟ ಮಿತಿ’ ಎಂಬ ಸಾಲು ಇದೆ. ಇದೇನು?

ಲೆಕ್ಕಪತ್ರದವ

ಯಾವುದೋ ವರ್ಷ ಶೇ 2ಕ್ಕಿಂತ ಕಡಿಮೆ ಏರಿಸಿದ್ದರೆ ಬಿಟ್ಟ ಭಾಗವನ್ನು ಮುಂದಿನ ಮೂರು ವರ್ಷಗಳಲ್ಲಿ ಬಳಸಿಕೊಳ್ಳಲು ಅವಕಾಶವಿದೆ. ಮೇಷ್ಟರು ಮೇಲೆ ಹೇಳಿದ ಭಯಕ್ಕೆ ಕಾನೂನೇ ಕೊಟ್ಟ ಅರ್ಧ ಉತ್ತರ ಇದು. ನಿಮ್ಮ ಜಿಲ್ಲೆಯಲ್ಲಿ ಅದು ಇನ್ನೂ ಉಳಿದಿದ್ದರೆ ಗ್ರಂಥಪಾಲಕಿಯನ್ನು ತೆಗೆಯುವ ಮೊದಲು ಅದನ್ನು ಏಕೆ ಮುಟ್ಟಲಿಲ್ಲ ಎಂದು ಮಂಡಳಿಯ ಸಭೆಯಲ್ಲಿ ಕೇಳಬಹುದು. ಮುಟ್ಟಿದ್ದರೆ ನಿಮ್ಮ ಬಿಲ್ ಇನ್ನಷ್ಟು ಏರುತ್ತಿತ್ತು, ಅದಕ್ಕೂ ಸಿದ್ಧರಾಗಿ ಹೋಗಿ.

ಎರಡು ಮಕ್ಕಳ ತಾಯಿ

ಎಷ್ಟು ಏರುತ್ತಿತ್ತು ಎಂದು ಲೆಕ್ಕ ಹಾಕಿಕೊಂಡೇ ಹೋಗುತ್ತೇನೆ. ಮೇಷ್ಟರೇ, ನೀವು ನಮ್ಮ ಜಿಲ್ಲೆಯವರೇ ಅಲ್ಲವೇ? ಸಭೆಗೆ ಬನ್ನಿ.

ನಿವೃತ್ತ ಮೇಷ್ಟರು

ಬರುತ್ತೇನಮ್ಮ. ಗ್ರಂಥಪಾಲಕಿಯ ಪರವಾಗಿ ಮಾತಾಡುತ್ತೇನೆ, ಲೆವಿಯ ವಿರುದ್ಧವೂ ಮಾತಾಡುತ್ತೇನೆ. ಎರಡಕ್ಕೂ ಸೇರಿ ಮೂರು ನಿಮಿಷ ಕೊಟ್ಟರೆ ಸಾಕು.